ಹದಿನಾಲ್ಕನೇ ನಂಬರಿನ ನೀಲಿ

ಹಿತ್ತಲ ಗೋಡೆಗೆ ಸುಣ್ಣ ಹೊಡೆಸಿದ್ದೇ ಎಲ್ಲ ಅನಾಹುತಕ್ಕೂ ಮೂಲ. ಹೊಡೆಸು ಎಂದು ಅಳಿಯನಿಗೆ ಯಾರೂ ಹೇಳಿರಲಿಲ್ಲ. ಅತ್ತೆಯವರು ಮಂಡಿಯ ಆಪರೇಷನ್ನಿಗೆಂದು ಮಗಳನ್ನು ಕರೆದುಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಮನೆ ಲಕಲಕ ಹೊಳೆಯುತ್ತಿರಲಿ, ನೋಡಿ ಒಂದು ಒಳ್ಳೆಯ ಮಾತು ಆಡಲಿ ಎಂಬುದು ಅವನ ಆಸೆ. ಮದುವೆಯಾಗಿ ನಾಲ್ಕು ವರ್ಷ ಅತ್ತೆಮನೆಯಲ್ಲಿದ್ದು, ಅತ್ತೆಯ ಬಣ್ಣದಂಗಡಿಯಲ್ಲೇ ದುಡಿದವನಿಗೆ ಒಂದು ಒಳ್ಳೆಯ ಮಾತೂ ಸಿಕ್ಕಿರಲಿಲ್ಲ ಎಂದರೆ ಸುಣ್ಣ ಹೊಡೆಸಿದ್ದನ್ನು ತಪ್ಪೆನ್ನಲು ಬಾಯಿ ಬರುವುದಿಲ್ಲ.

ಆದರೆ ಆ ಗೋಡೆಯ ಬುಡದಲ್ಲೇ ಹೈಡ್ರೇಂಜಿಯ ಗಿಡ ಇತ್ತು. ತೀರಿಹೋದ ಮಾವ ಕೈಯಾರೆ ನೆಟ್ಟದ್ದು. ಒಂದೊಂದು ಹೂಗೊಂಚಲೂ ಎಳೆಮಗುವಿನ ತಲೆಯಷ್ಟು ದಪ್ಪ, ಬಣ್ಣ ತಿಳಿನೀಲಿ. ಹೊರಡುವ ದಿನ ಅತ್ತೆ ಮನೆ ಜೋಪಾನ, ಅಂಗಡಿ ಜೋಪಾನ ಎನ್ನಲಿಲ್ಲ. "ಅಳಿಯಂದಿರೇ, ಆ ನೀಲಿ ಒಂದು ಕೆಡದ ಹಾಗೆ ನೋಡ್ಕೊಳ್ಳಿ" ಎಂದಷ್ಟೇ ಹೇಳಿ ಕಾರು ಹತ್ತಿದ್ದರು.

ಅವರು ಮರಳಿ ಬರುವ ದಿನ, ಅಂಗಡಿಗೆ ವಾರದ ರಜೆ, ಅಳಿಯ ಹಲ್ಲುಜ್ಜುತ್ತ ಹಿತ್ತಲಿಗೆ ಬಂದ. ಪಕ್ಕದ ಮನೆಯ ಮಹಡಿಯ ಕಿಟಕಿಯಲ್ಲಿ ಎಂದಿನಂತೆ ಕಿಟಕಿ ಸಾಹೇಬರು ಕೂತಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಈ ನಿವೃತ್ತ ಅಧಿಕಾರಿ ಬೆಳಕು ತಾಗದಿರಲೆಂದು ಕಪ್ಪು ಕನ್ನಡಕ ಏರಿಸಿ, ಇಡೀ ಬೀದಿಯ ಆಡಳಿತವನ್ನು ಆ ಕಿಟಕಿಯಿಂದಲೇ ನಡೆಸುತ್ತಿದ್ದರು.

"ಏನಪ್ಪಾ ಅಳಿಯ, ನಿಮ್ಮತ್ತೆ ಹೂವು ಗುಲಾಬಿ ಬಣ್ಣಕ್ಕೆ ತಿರುಗಿದೆಯಲ್ಲ, ನೋಡಿದೆಯಾ?" ಎಂದರು.

ಅಳಿಯ ಹಲ್ಲುಜ್ಜುವುದನ್ನು ನಿಲ್ಲಿಸಿದ. ನೋಡಿದ. ಮೂರು ವಾರದಿಂದಲೂ ನೋಡುತ್ತಲೇ ಇದ್ದ. ಕಷ್ಟವಿದ್ದದ್ದು ಆ ನೋಟದಲ್ಲೇ. ಅವನ ಕಣ್ಣಿಗೆ ತಿಳಿನೀಲಿಯೂ ತಿಳಿಗುಲಾಬಿಯೂ ಒಂದೇ ಬೂದಿ. ಕೆಂಪೆಂದರೆ ಹೆಚ್ಚುಕಡಿಮೆ ಕಪ್ಪು. ಹುಟ್ಟಿನಿಂದ ಬಂದದ್ದು, ಔಷಧಿ ಇಲ್ಲದ್ದು. ಮದುವೆಯ ಮಾತುಕತೆಯಲ್ಲಿ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಬಣ್ಣದ ಪರಿಚಯ ಇದೆಯಾ?" ಹುಡುಗಿ ಮನಸ್ಸಿಗೆ ಹಿಡಿಸಿಬಿಟ್ಟಿದ್ದಳು. ಅವನು ಧಾರಾಳವಾಗಿ "ಇದೆ" ಎಂದುಬಿಟ್ಟಿದ್ದ.

ಅಲ್ಲಿಂದ ಇಲ್ಲಿಯವರೆಗೆ ಅವನ ಮಾನ ಕಾಪಾಡಿದ್ದು ಮಾವ. ಆ ಪುಣ್ಯಾತ್ಮ ಅಂಗಡಿಯ ಪ್ರತಿ ಡಬ್ಬಿಯ ಮೇಲೂ ಕೈಬರಹದಲ್ಲಿ ನಂಬರಿನ ಚೀಟಿ ಅಂಟಿಸಿಟ್ಟು ಹೋಗಿದ್ದರು. ಏಳು ಹಳದಿ, ಒಂಬತ್ತು ಹಸಿರು, ಹದಿನಾಲ್ಕು ನೀಲಿ. ಅಳಿಯ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದ. ಗಿರಾಕಿ ಯಾವುದಾದರೂ ಬಣ್ಣ ತೋರಿಸಿ ಹೇಗಿದೆ ಎಂದರೆ, "ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತೆ, ಅದು ಮುಖ್ಯ" ಎನ್ನುತ್ತಿದ್ದ. ಎಂಥ ವಿನಯವಂತ ಎಂದು ಊರೇ ಹೊಗಳುತ್ತಿತ್ತು. ಮಂಡಿ ರಿಪೇರಿಯಾಗಿ ಬಂದ ದಿನವೇ ಬಣ್ಣ ಬೆರೆಸುವ ಮೇಜನ್ನೂ ಅಂಗಡಿಯ ಬೀಗದ ಕೈಯನ್ನೂ ಒಪ್ಪಿಸುತ್ತೇನೆ ಎಂದು ಅತ್ತೆ ಮಾತು ಕೊಟ್ಟಿದ್ದರು. ಆ ದಿನ ಇವತ್ತು. ಮೂರು ವಾರ ಹೂವು ಬಣ್ಣ ಬದಲಿಸಿದರೂ ಗೊತ್ತಾಗದವನ ಕೈಗೆ ಬಣ್ಣದಂಗಡಿ ಯಾರು ಕೊಟ್ಟಾರು?

"ನೋಡಿದೆ ಸಾರ್," ಎಂದ ಅಳಿಯ, ಬಾಯಲ್ಲಿ ನೊರೆ ತುಂಬಿಕೊಂಡು. "ನಿಮ್ಮ ಕಣ್ಣಿಗೆ ಎಷ್ಟು ಗುಲಾಬಿ ಕಾಣುತ್ತೆ?"

"ನಮ್ಮ ಸೊಸೆ ಕೆನ್ನೆಗೆ ಹಚ್ಕೋತಾಳಲ್ಲ, ಅಷ್ಟು."

ಬಾಯಿ ಮುಕ್ಕಳಿಸುವುದನ್ನೂ ಮರೆತು ಅಳಿಯ ಎದುರುಮನೆಗೆ ಓಡಿದ. ಅಲ್ಲಿದ್ದವರು ರಸಾಯನಶಾಸ್ತ್ರದ ಮೇಷ್ಟ್ರು. ಇಪ್ಪತ್ತು ಜನ ಹುಡುಗರನ್ನು ಕೂರಿಸಿಕೊಂಡು ಮನೆಪಾಠ ಹೇಳುತ್ತಿದ್ದವರು ಇವನನ್ನು ಇಪ್ಪತ್ತೊಂದನೆಯವನೆಂದು ಭಾವಿಸಿ ಪಾಠ ಮುಂದುವರಿಸಿದರು. ಹೈಡ್ರೇಂಜಿಯದ ಬಣ್ಣ ಗಿಡದಲ್ಲಿಲ್ಲ, ಮಣ್ಣಿನಲ್ಲಿದೆ. ಮಣ್ಣು ಹುಳಿಯಾಗಿದ್ದರೆ, ಎಂದರೆ ಆಮ್ಲೀಯವಾಗಿದ್ದರೆ, ಅದರೊಳಗಿನ ಅಲ್ಯೂಮಿನಿಯಂ ಬೇರಿಗೆ ದಕ್ಕುತ್ತದೆ, ಹೂವು ನೀಲಿಯಾಗುತ್ತದೆ. ಸುಣ್ಣ ಬಿದ್ದರೆ ಹುಳಿ ಸತ್ತು ಹೂವು ಗುಲಾಬಿಯಾಗುತ್ತದೆ. ಸುಣ್ಣವೇನಾದರೂ ಬಿದ್ದಿದೆಯೇ ಎಂದು ಕೇಳಿದರು. ಎರಡು ಬಕೆಟ್ ಸುಣ್ಣದ ನೀರು ಗೋಡೆಯಿಂದ ಇಳಿದು ಗಿಡದ ಬುಡ ಸೇರಿದ್ದನ್ನು ಅಳಿಯ ಕಣ್ಣಾರೆ ಕಂಡಿದ್ದ. ಅದು ಬಿಳಿ, ಚೆನ್ನಾಗಿ ಕಂಡಿತ್ತು.

"ಸರಿ ಮಾಡ್ಬಹುದು ಬಿಡಿ. ಪಟಕ ಕದಡಿ ಹಾಕಿ, ಸ್ವಲ್ಪ ಸ್ವಲ್ಪವಾಗಿ. ಮುಂದಿನ ವರ್ಷದ ಹೂವಿಗೆ ನೀಲಿ ಬರುತ್ತೆ," ಎಂದರು ಮೇಷ್ಟ್ರು.

"ಸಾರ್, ಸಂಜೆಗೆ ಬರಬೇಕಿತ್ತು."

ಹುಡುಗರು ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ, ಮಣ್ಣು ಪರೀಕ್ಷಿಸಲು ನಾಲ್ಕು ನೀಲಿ ಲಿಟ್ಮಸ್ ಕಾಗದ ಕೊಟ್ಟರು. ಹುಳಿ ತಗುಲಿದರೆ ಈ ಕಾಗದ ಕೆಂಪಾಗುತ್ತದೆ, ಅದೇ ಹುಳಿಗೆ ಆ ಹೂವು ನೀಲಿಯಾಗುತ್ತದೆ, ತಲೆಕೆಳಗು ಮಾಡಿಕೊಳ್ಳಬೇಡಿ ಎಂದು ಎಚ್ಚರಿಸಿದರು. ಎರಡೂ ಒಂದೇ ಆಗಿ ಕಾಣುವವನಿಗೆ ತಲೆಕೆಳಗಾದರೇನು, ನೆಟ್ಟಗಿದ್ದರೇನು? ಅಳಿಯ ತಲೆಯಾಡಿಸಿ ಹೊರಬಿದ್ದ.

ಪಟಕವೆಂದರೆ ಕ್ಷೌರದಂಗಡಿ. ಅಲ್ಲಿಯವನು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಹಾಗೆಯೇ ಬಿಟ್ಟು ಕಥೆ ಕೇಳಿಸಿಕೊಂಡ. ಕತ್ತಿ ತಾಗಿದ ಗಾಯಕ್ಕೆ ಸವರುವ ಪಟಕದ ಹೊಸ ಗಡ್ಡೆಯೊಂದನ್ನು ಕೊಟ್ಟು, ಜೊತೆಗೆ ವಿನೆಗರನ್ನೂ ಸುರಿಯಿರಿ, ಹುಳಿ ಎಂದ ಮೇಲೆ ಅದಕ್ಕಿಂತ ಹುಳಿ ಯಾವುದಿದೆ ಎಂದ. ಅರ್ಧ ಗಡ್ಡದ ಗಿರಾಕಿ ಚಹಾದ ಚರಟವೂ ಒಳ್ಳೆಯದೆಂದ. ಕೇಳದೆ ಬರುವುದು ಸಲಹೆ ಒಂದೇ.

ಮನೆಗೆ ಬಂದ ಅಳಿಯ ಸ್ವಲ್ಪ ಸ್ವಲ್ಪ ಎಂಬ ಮಾತನ್ನು ಗಾಳಿಗೆ ತೂರಿ ಗಡ್ಡೆಯನ್ನು ಪೂರ್ತಿ ಕುಟ್ಟಿ, ಕದಡಿ ಹೊಯ್ದ. ಅಡುಗೆಮನೆಯ ವಿನೆಗರ್ ಬಾಟಲಿ ಬರಿದು ಮಾಡಿದ. ಚಹಾದ ಚರಟಕ್ಕಾಗಿ ಒಂದರ ಹಿಂದೊಂದು ಆರು ಲೋಟ ಚಹಾ ಕುಡಿದ. ಎಸೆಯುವುದೇಕೆ ಎಂಬ ಜಿಪುಣತನ. ಕೊನೆಗೆ ಲಿಟ್ಮಸ್ ಕಾಗದವನ್ನು ಒದ್ದೆ ಮಣ್ಣಿಗೆ ಒತ್ತಿದ. ಮೊದಲೂ ಅದು ಮಂಕಾಗಿತ್ತು, ಈಗಲೂ ಮಂಕಾಗಿತ್ತು. ಕೈ ಎತ್ತಿ ಕಿಟಕಿಗೆ ತೋರಿಸಿದ.

"ಇದು ನಿಮಗೆ ಹೇಗೆ ಕಾಣುತ್ತೆ ಸಾರ್?"

"ಒಳ್ಳೆ ಕೆಂಪು."

"ಹಾಗಾದ್ರೆ ಹೂವು?"

"ಅದೇ ಗುಲಾಬಿ. ಬೆಳಗ್ಗೆಗಿಂತ ಒಂದು ಕೈ ಹೆಚ್ಚೇ ಅನ್ನು."

ಅಳಿಯನಿಗೆ ಅಳು ಬಂತು. ಮಣ್ಣು ಹುಳಿಯಾಗಿದೆ, ಹೂವು ಕೇಳುತ್ತಿಲ್ಲ. ಕ್ಷಾರವನ್ನು ಗೆದ್ದರೂ ಕಾಲವನ್ನು ಗೆಲ್ಲುವುದು ಹೇಗೆ? ಬೇರೆ ಯಾರನ್ನಾದರೂ ಕರೆದು ತೋರಿಸೋಣವೆಂದರೆ, ನಿನಗೆ ಕಣ್ಣಿಲ್ಲವೇ ಎಂದಾರು ಎಂಬ ಭಯ. ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತು, ತನ್ನಂಥ ನತದೃಷ್ಟ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎಂದುಕೊಂಡ. ಸಂಜೆ ಅತ್ತೆ ಬರುತ್ತಾರೆ, ಹೂವು ನೋಡುತ್ತಾರೆ, ಮೊದಲು ಬೀಗದ ಕೈ ಹೋಗುತ್ತದೆ, ಆಮೇಲೆ ಮರ್ಯಾದೆ. ಹೆಂಡತಿ ಏನೆನ್ನುತ್ತಾಳೋ, ಅದನ್ನು ನೆನೆಯುವ ಧೈರ್ಯ ಅವನಿಗಿರಲಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅಳಿಯನಿಗೆ ಹೊಳೆದ ಹುಲ್ಲುಕಡ್ಡಿಯ ಹೆಸರು ಹದಿನಾಲ್ಕು.

ರಜೆಯ ದಿನ, ಅತ್ತೆ ತಾತ್ಕಾಲಿಕವಾಗಿ ಬಿಟ್ಟುಹೋಗಿದ್ದ ಜೋಡಿ ಬೀಗದ ಕೈಯಿಂದ ಅಂಗಡಿಯ ಬಾಗಿಲು ತೆಗೆದು, ಬಿಳಿ ಬಣ್ಣಕ್ಕೆ ಬೆರೆಸುವ ಸ್ಟೇನರಿನ ಸಾಲಿನಲ್ಲಿ ಹದಿನಾಲ್ಕನೇ ನಂಬರಿನ ಬಾಟಲಿ ಹುಡುಕಿ ತಂದ. ನೀರಲ್ಲಿ ಕಲಸಿ, ಇಸ್ತ್ರಿಗೆ ಮುಂಚೆ ಬಟ್ಟೆಗೆ ನೀರು ಚಿಮುಕಿಸುವ ಹೆಂಡತಿಯ ಬಾಟಲಿಗೆ ತುಂಬಿ, ಒಂದೊಂದೇ ಗೊಂಚಲಿಗೆ ಹೊಡೆಯತೊಡಗಿದ. ಕಿಟಕಿ ಸಾಹೇಬರಿಗೆ ಇಂಥ ಮೇಲ್ವಿಚಾರಣೆ ಸಿಕ್ಕಿ ಎಷ್ಟು ಕಾಲವಾಗಿತ್ತೋ. ಎದ್ದು ನಿಂತು ಕಿಟಕಿಯ ಸರಳು ಹಿಡಿದುಕೊಂಡರು. ಎಡಗಡೆ ಸಾಲದು ಎಂದರು. ಇನ್ನೂ ಗುಲಾಬಿ ಇಣುಕುತ್ತಿದೆ ಎಂದರು. ಈಗ ನೇರಳೆಗೆ ಬಂತು, ಕೈ ಬಿಡಬೇಡ ಎಂದರು. ಅಳಿಯ ಹೊಡೆದ, ಒಣಗಲು ಬಿಟ್ಟ, ಮತ್ತೆ ಹೊಡೆದ. ಬಾಟಲಿ ಖಾಲಿಯಾಗಿ, ಗೊಂಚಲುಗಳು ಭಾರಕ್ಕೆ ಜೋತುಬಿದ್ದು, ಎಲೆಯಿಂದಲೂ ಗೋಡೆಯಿಂದಲೂ ಅವನ ಮೊಣಕೈಯಿಂದಲೂ ಬಣ್ಣ ತೊಟ್ಟಿಕ್ಕುತ್ತಿರುವಾಗ ಮಹಡಿಯಿಂದ ತೀರ್ಪು ಬಂತು:

"ಸಾಕು. ಈಗ ಗುಲಾಬಿ ಅಂತ ಯಾರೂ ಅನ್ನಲ್ಲ."

ಸರಿಯಾಗಿ ಆಗಲೇ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು.

ಅತ್ತೆ ಊರುಗೋಲು ಹಿಡಿದು ಮನೆಯೊಳಗೂ ಹೋಗದೆ ನೇರ ಹಿತ್ತಲಿಗೇ ಬಂದರು. ಹಿಂದೆ ಚೀಲ ಹಿಡಿದ ಹೆಂಡತಿ. ಅತ್ತೆ ಗಿಡವನ್ನು ನೋಡಿದರು, ಗೋಡೆಯನ್ನು ನೋಡಿದರು, ಅಳಿಯನನ್ನು ನೋಡಿದರು. ಒಂದು ಗೊಂಚಲನ್ನು ಮುಟ್ಟಿದರು. ಬೆರಳಿಗೆ ಬಣ್ಣ ಮೆತ್ತಿಕೊಂಡಿತು. ಮೂಗಿನ ಹತ್ತಿರ ಹಿಡಿದು ಮೂಸಿದರು. ಬಣ್ಣದಂಗಡಿಯ ಒಡತಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಯಾಕೆ?" ಎಂದರು.

ಅಳಿಯ ಸುಣ್ಣ, ಹುಳಿ, ಪಟಕ ಎಂದು ತೊದಲಿದ. ಹೂವು ಗುಲಾಬಿಯಾಗಿತ್ತು, ತಮಗೆ ನೋವಾಗದಿರಲಿ ಅಂತ ಎಂದ. ಅತ್ತೆ ಬಗ್ಗಿ, ಎಲೆಗಳ ಕೆಳಗೆ ಬಣ್ಣ ತಾಗದೆ ಉಳಿದಿದ್ದ ಸಣ್ಣ ಗೊಂಚಲೊಂದನ್ನು ಹೊರಗೆಳೆದರು.

"ಇದು ನಾನು ಬಿಟ್ಟು ಹೋದ ನೀಲಿನೇ ಅಲ್ವಾ?"

ಸಾಕ್ಷಿ ಹೇಳಲೆಂದು ಅಷ್ಟರಲ್ಲಿ ಕಿಟಕಿ ಸಾಹೇಬರೇ ಮೆಟ್ಟಿಲಿಳಿದು, ಹಿತ್ತಲ ಬಾಗಿಲು ದಾಟಿ ಬಂದಿದ್ದರು. ಏದುಸಿರು ಬಿಡುತ್ತ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು, ಬರಿಗಣ್ಣಿನಿಂದ ಗೊಂಚಲು ನೋಡಿದರು.

"ಅರೆ. ನೀಲಿ."

ಅತ್ತೆ ಅವರ ಕೈಯಿಂದ ಕನ್ನಡಕ ತೆಗೆದುಕೊಂಡು ಬೆಳಕಿಗೆ ಹಿಡಿದರು. ಗಾಜು ಅಪ್ಪಟ ಕೆಂಪು. ಡಾಕ್ಟರು ಕೊಟ್ಟಿದ್ದ ಕಪ್ಪು ಕನ್ನಡಕದ ಮೇಲೆ ನಿನ್ನೆ ಕೂತು ಮುರಿದುಬಿಟ್ಟೆ, ಇದು ಸೊಸೆಯದ್ದು, ಹೊಸ ಕಣ್ಣಿಗೆ ಲೋಕ ಹೀಗೇ ಕಾಣುತ್ತದೇನೋ ಅಂದುಕೊಂಡೆ ಎಂದು ಸಾಹೇಬರು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು.

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಇವರದ್ದು ಕನ್ನಡಕದ ದೋಷ, ಆಯ್ತು," ಎಂದರು ಅತ್ತೆ. "ನಿಮ್ಮ ಕಣ್ಣಿಗೇನಾಗಿತ್ತು ಅಳಿಯಂದಿರೇ? ನೀಲಿ ಹೂವಿಗೆ ನೀಲಿ ಬಳಿಯೋಕೆ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅಳಿಯ ತಲೆ ತಗ್ಗಿಸಿ ಎಲ್ಲ ಹೇಳಿದ. ಬೂದಿ, ಕಪ್ಪು, ನಂಬರಿನ ಮಗ್ಗಿ, ಎಲ್ಲ. ಹೇಳಿ ಮುಗಿಸಿ ಬೈಗುಳಕ್ಕೆ ಕಾದ. ಬರಲಿಲ್ಲ. ಅತ್ತೆ ಗೋಡೆಗೊರಗಿದರು. ಹೊಸ ಸುಣ್ಣ ಅವರ ಬೆನ್ನಿಗೆ ಮೆತ್ತಿಕೊಂಡಿತು.

"ಆ ನಂಬರು ಯಾಕೆ ಹಾಕಿದ್ರು ಅಂದ್ಕೊಂಡಿದ್ದೀರಿ? ನಿಮ್ಮ ಮಾವನಿಗೂ ಬಣ್ಣ ಕಾಣ್ತಿರಲಿಲ್ಲ," ಎಂದರು. "ನೀಲಿ ನನಗಿಷ್ಟ ಅಂತ ಈ ಗಿಡ ತಂದು ನೆಟ್ರು. ವರ್ಷವರ್ಷವೂ ಪಟಕ ಹಾಕೋರು. ಹೂ ಬಿಟ್ಟಾಗ ಬಂದು ನನ್ನ ಕೇಳೋರು, ನೀಲಿ ಬಂತಾ ಅಂತ."

ಅಳಿಯನಿಗೆ ಹೋದ ಜೀವ ಬಂದಂತಾಯಿತು. ಕಣ್ಣು ತೇವವಾಯಿತು. "ಹಾಗಾದ್ರೆ ಅತ್ತೆ, ನನಗೂ..." ಎಂದು ಮುಂದೆ ಬಂದ.

"ಅವರು ಮದುವೆಗೆ ಮುಂಚೆನೇ ಹೇಳಿದ್ರು," ಎಂದರು ಅತ್ತೆ. ಬೀಗದ ಕೈಯನ್ನು ಸೊಂಟದಿಂದ ತೆಗೆದು ಮಗಳ ಕೈಗಿಟ್ಟರು. ನಾಳೆಯಿಂದ ಮೇಜು ಅವಳದು. ಅಳಿಯಂದಿರು ಹಿಂದಿನ ಗೋದಾಮಿನಲ್ಲಿ ಸುಣ್ಣದ ಚೀಲ ನೋಡಿಕೊಳ್ಳಲಿ, ಅದು ಎಲ್ಲರ ಕಣ್ಣಿಗೂ ಬಿಳಿಯೇ ಎಂದು ಹೇಳಿ ಊರುಗೋಲು ಕುಟ್ಟುತ್ತ ಒಳಗೆ ಹೋದರು.

ಹೆಂಡತಿ ಹೋಗಲಿಲ್ಲ. ಚೀಲ ಕೆಳಗಿಟ್ಟು ಗಂಡನನ್ನೇ ನೋಡುತ್ತ ನಿಂತಳು. ಸಿಟ್ಟಿನಲ್ಲಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನನ್ನೋ ಲೆಕ್ಕ ಹಾಕುತ್ತಿದ್ದಳು.

"ಮೊದಲ ಸಲ ನಾವು ಭೇಟಿಯಾದ ದಿನ, ಈ ಬಣ್ಣ ನಿಮಗೆ ತುಂಬ ಒಪ್ಪುತ್ತೆ ಅಂದ್ರಿ. ನಾನು ಹೂಂ ಅಂದಿದ್ದೇ ಆ ಮಾತಿಗೆ. ಯಾವ ಬಣ್ಣ ರೀ ಆ ಸೀರೆ?"

ಅಳಿಯನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಬಾಗಿಲ ಬೆಳಕಿನಲ್ಲಿ ಅವಳು ಬೆಳ್ಳಗೆ ನಿಂತಿದ್ದಳು, ಹೊಸ ಹಾಳೆಯ ಹಾಗೆ. ಆದರೆ ತನ್ನ ಕಣ್ಣು ಯಾವತ್ತು ನಿಜ ಹೇಳಿದೆ? ಬಿಳಿ ಎಂದು ಕಂಡದ್ದು ಇನ್ನೇನಾಗಿತ್ತೋ. ಅಭ್ಯಾಸಬಲ, ಅವನ ನೋಟ ಅವಳ ಹೆಗಲ ಮೇಲಿಂದ ಕಿಟಕಿ ಸಾಹೇಬರತ್ತ ಹೊರಳಿತು. ಆದ ಪ್ರಮಾದವನ್ನು ಹೇಗಾದರೂ ಸರಿಪಡಿಸಬೇಕೆಂಬ ತವಕದಲ್ಲಿ ಅವರು ಅಲ್ಲೇ ನಿಂತಿದ್ದರು. ಆ ದಿನ ಅವರು ಅಲ್ಲಿರಲೇ ಇಲ್ಲ. ಆದರೂ ತುಟಿಯಲ್ಲೇ, ಸದ್ದಿಲ್ಲದೆ, ತುಂಬ ಭರವಸೆಯಿಂದ ಒಂದು ಬಣ್ಣದ ಹೆಸರು ಹೇಳಿಕೊಟ್ಟರು.

"ಗುಲಾಬಿ," ಎಂದ ಅಳಿಯ.

"ಬಿಳಿ," ಎಂದಳು ಹೆಂಡತಿ. ಚೀಲ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.