ಏಳಾದ ಮೇಲೆ ಒಂದು-ಸೊನ್ನೆ

ನಮ್ಮ ಷಡ್ಡಕನಿಗೆ ಎಂಟು ಎಂಬ ಅಂಕಿ ಬರೆಯಲು ಬರುವುದಿಲ್ಲ. ಒಂಬತ್ತಂತೂ ಅವನ ಮನೆಯ ಹೊಸ್ತಿಲನ್ನೇ ತುಳಿದಿಲ್ಲ. ಏಳರ ತನಕ ನಮ್ಮೆಲ್ಲರ ಹಾಗೆಯೇ ಎಣಿಸುತ್ತ ಬರುತ್ತಾನೆ. ಅಲ್ಲಿಂದ ಮುಂದೆ ಒಂದರ ಪಕ್ಕ ಸೊನ್ನೆ ಬರೆದು, ‘ಒಂದು-ಸೊನ್ನಿ’ ಎಂದು ಓದಿ, ಮೀಸೆಯ ಮೇಲೆ ಕೈಯಾಡಿಸುತ್ತಾನೆ! ಸಾಲೆಯ ಮುಖ ನೋಡದ ಮನುಷ್ಯನಾಗಿದ್ದರೆ ಅಯ್ಯೋ ಪಾಪ ಅನ್ನಬಹುದಿತ್ತು. ಆದರೆ ಈತ ಖಾನಾಪುರದ ಕಡೆಯ ಹೈಸ್ಕೂಲೊಂದರಲ್ಲಿ ನಿವೃತ್ತಿಯಾಗುವ ತನಕ ಗಣಿತ ಕಲಿಸಿದ ಮಾಸ್ತರ. ಇವನ ಕೈಯಲ್ಲಿ ಕಲಿತವರು ಇವತ್ತು ಎಲ್ಲೆಲ್ಲಿ ಕುಳಿತು ಏನೇನು ಎಣಿಸುತ್ತಿದ್ದಾರೋ, ದೇವರೇ ಬಲ್ಲ!

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಅವನಿರುವುದು ಗುಂಜಿಯಲ್ಲಿ, ನಾನಿರುವುದು ಬೆಳಗಾವಿ ಪಕ್ಕದ ಪೀರನವಾಡಿಯಲ್ಲಿ. ನನ್ನದು ಎಸೆಸೆಲ್ಸಿ, ಅದೂ ಗಣಿತದಲ್ಲಿ ದಡ ಮುಟ್ಟಿದರೆ ಸಾಕು ಎಂಬಂಥ ಪಾಸು. ಆದರೆ ರವಿವಾರ ಪೇಟೆಯ ಬೆಲ್ಲದ ಹೋಲ್‌ಸೇಲ್ ಅಂಗಡಿಯಲ್ಲಿ ಆಯುಷ್ಯವೆಲ್ಲ ಪೆಂಟಿ, ಅಂದರೆ ಬೆಲ್ಲದ ಗಟ್ಟಿ, ಎಣಿಸಿದವನು. ಹತ್ತರ ಲೆಕ್ಕದ ಮೇಲೆ ನನಗೆ ಭಕ್ತಿ. ಅದನ್ನು ಯಾರಾದರೂ ಕೆಣಕಿದರೆ ಸಿಟ್ಟು. ಆ ಸಿಟ್ಟಿನಲ್ಲಿ ನಾನು ಮಾಡಿದ ಒಂದು ಪಾಪವನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ. ಮೊದಲು ಅವನ ಹುಚ್ಚಿನ ಕತೆ ಕೇಳಿ.

ಈ ಹುಚ್ಚು ಅವನಿಗೆ ಹುಟ್ಟಿನಿಂದ ಬಂದದ್ದಲ್ಲ, ಮೊಮ್ಮಗಳಿಂದ ಬಂದದ್ದು. ಮಗಳು ಅಳಿಯ ಅವನ ಮನೆಯಲ್ಲೇ ಇದ್ದಾರೆ. ಅವರ ಒಬ್ಬಳೇ ಹುಡುಗಿಗೆ ಹುಟ್ಟಿದಾಗಿನಿಂದ ಎರಡೂ ಕೈಗೆ ಕಿರುಬೆರಳಿಲ್ಲ. ಅದರಿಂದ ಯಾವ ಕೆಲಸವೂ ನಿಂತಿರಲಿಲ್ಲ. ಮರ ಹತ್ತುತ್ತಿದ್ದಳು, ಬೆಕ್ಕಿನ ಬಾಲ ಎಳೆಯುತ್ತಿದ್ದಳು. ಒಂದನೇ ಇಯತ್ತೆಗೆ ಹೋದಾಗ ಮಕ್ಕಳೆಲ್ಲ ಬೆರಳು ಮಡಚಿ ಹತ್ತರ ತನಕ ಎಣಿಸಿದರಂತೆ. ಇವಳ ಬೆರಳು ಎಂಟಕ್ಕೇ ಮುಗಿದವು. ಮಕ್ಕಳು ನಕ್ಕವು. ಮನೆಗೆ ಬಂದವಳು ಎರಡೂ ಕೈಯನ್ನು ಫ್ರಾಕಿನ ಕಿಸೆಯಲ್ಲಿ ತುರುಕಿಕೊಂಡು ಊಟಕ್ಕೂ ತೆಗೆಯಲಿಲ್ಲ. ಅಜ್ಜ ತುತ್ತು ಮಾಡಿ ಬಾಯಿಗಿಡುತ್ತ ಕೇಳಿದ.

“ಯಾಕವಾ, ಕೈಗೆ ಏನಾಗೇತಿ?”

“ಎಣಸಾಕ ಬೆರಳ ಸಾಲೂದಿಲ್ಲಜ್ಜಾ.”

“ಯಾರಂದ್ರು? ಬೆರಳ ಬರೋಬ್ಬರಿ ಅದಾವ. ಎಣಿಕೀನs ಉದ್ದ ಆಗೇತಿ. ತಡಿ, ಅದನ್ನ ಕತ್ತರಿಸೂಣು.”

ಕತ್ತರಿಸಿಯೇ ಬಿಟ್ಟ! ಎಂಟು, ಒಂಬತ್ತು ಎರಡನ್ನೂ ಮನೆಯಿಂದ ಹೊರಗೆ ಹಾಕಿದ. ಏಳಾದ ಮೇಲೆ ಒಂದು-ಸೊನ್ನೆ, ಅಂದರೆ ಒಂದು ಜೊತೆ ಕೈ ತುಂಬಿತು ಎಂದು ಅರ್ಥ. ಹುಡುಗಿ ಸುಮ್ಮನೆ ಒಪ್ಪುವವಳಲ್ಲ.

“ಹಂಗಾರ ನಿನಗ್ಯಾಕ ಐದೈದು?”

“ಈ ಕಿರಿಬೆರಳ ಎಣಸಾಕ ಅಲ್ಲವಾ. ಸಾಲ್ಯಾಗ, ಮಾಸ್ತರ್ರ ಹೊರಗ ಹೋಗ್ತೀನ್ರಿ ಅಂತ ಎತ್ತಿ ತೋರಸಾಕ.”

ಹುಡುಗಿ ನಕ್ಕಳು. ಕೈಗಳು ಕಿಸೆಯಿಂದ ಹೊರಗೆ ಬಂದವು. ಅವತ್ತಿನಿಂದ ಷಡ್ಡಕ ಏನನ್ನು ಎಣಿಸುವುದಿದ್ದರೂ ಮೊದಲು ತನ್ನೆರಡು ಕಿರುಬೆರಳನ್ನು ಮಡಚಿ ಇಡುತ್ತಾನೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ನಮ್ಮ ಷಡ್ಡಕ ಹೇಗಾಗುತ್ತಿದ್ದ? ಗೋಡೆ ಗಡಿಯಾರವನ್ನೂ ಬಿಡಲಿಲ್ಲ. ಅಂಕಿಗಳ ಮೇಲೆ ಕಾಗದದ ಚೂರು ಅಂಟಿಸಿ, ಎಂಟಿದ್ದಲ್ಲಿ 10, ಒಂಬತ್ತಿದ್ದಲ್ಲಿ 11 ಎಂದು ಬರೆಯುತ್ತ ಹೋಗಿ, ಹನ್ನೆರಡರ ತಲೆಯ ಮೇಲೆ 14 ಕೂರಿಸಿದ! ನಾವು ಗಂಡ ಹೆಂಡತಿ ಒಮ್ಮೆ ಅಲ್ಲಿಗೆ ಹೋದಾಗ ನನ್ನಾಕೆ ಗಡಿಯಾರ ನೋಡಿ ಬೆಚ್ಚಿಬಿದ್ದಳು.

“ಅಯ್ಯ, ಹನ್ನೆರಡಾತು! ಇನ್ನೂ ಚಾ ಸುದ್ದಾ ಕೊಟ್ಟಿಲ್ಲ ಇವರು!”

“ಅಕ್ಕಾರ, ಅದು ನಿಮ್ಮ ಲೆಕ್ಕದಾಗ ಹತ್ತರೀ,” ಎಂದ ಷಡ್ಡಕ.

“ಚಾ ಕೊಡದಿದ್ರ ಯಾವ ಲೆಕ್ಕದಾಗ ಆದ್ರೂ ತಡಾನs,” ಎಂದಳು ಇವಳು.

ನನ್ನ ಹುಟ್ಟುಹಬ್ಬದ ದಿನ ನಡೆದದ್ದು ಇದಕ್ಕಿಂತ ದೊಡ್ಡದು. ನನಗೆ ಅರವತ್ನಾಲ್ಕು ತುಂಬಿತ್ತು. ಷಡ್ಡಕ ದೊಡ್ಡ ಕೇಕು ಹಿಡಿದು ಪೀರನವಾಡಿಗೆ ಬಂದ. ಮೇಲೆ ಕೆಂಪು ಕ್ರೀಮಿನಲ್ಲಿ 100 ಎಂದು ಬರೆಸಿದ್ದ! ನಮ್ಮದು ಈಚೆಗೆ ಬೆಳೆದ ಬಡಾವಣೆ, ಒಬ್ಬರ ವಯಸ್ಸು ಇನ್ನೊಬ್ಬರಿಗೆ ಗೊತ್ತಿಲ್ಲ. ಕೇಕು ನೋಡಿದ ಎದುರುಮನೆಯಾಕೆ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಜನ ಸಾಲುಗಟ್ಟಿ ಬಂದು ಕಾಲಿಗೆ ಬಿದ್ದರು. ಕೂಸುಗಳನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು.

“ನೂರ ವರ್ಷಾದ್ರೂ ಅಜ್ಜಾರ ಹಲ್ಲ ಹೆಂಗ ಗಟ್ಟಿ ಅದಾವ ನೋಡ್ರಿ!”

“ಮುಂಜಾನೆದ್ದು ಏನ ತಿಂತೀರಿ ಅಜ್ಜಾರ?”

ನಾನು ಹಲ್ಲು ಕಚ್ಚಿಕೊಂಡಷ್ಟೂ ಅವು ಇನ್ನಷ್ಟು ಗಟ್ಟಿ ಕಂಡಿರಬೇಕು! ಎಲ್ಲರೂ ಹೋದ ಮೇಲೆ ಷಡ್ಡಕನ ಕೊರಳುಪಟ್ಟಿ ಹಿಡಿಯುವುದೊಂದು ಬಾಕಿ. ಅವನು ತಣ್ಣಗೆ ಕೇಕು ತಿನ್ನುತ್ತ ನನ್ನ ಬೆಲ್ಲದ ಭಾಷೆಯಲ್ಲೇ ಪಾಠ ಹೇಳಿದ.

“ಅಣ್ಣಾರ, ಎಂಟು ಪೆಂಟಿ ಕೂಡಿದ್ರ ಒಂದು ಪೆಟ್ಟಿಗಿ ಅಂತ ತಿಳ್ಕೋರಿ. ಎಂಟು ಪೆಟ್ಟಿಗಿ ಕೂಡಿದ್ರ ಒಂದು ಗಾಡಿ. ಅರವತ್ನಾಕು ಪೆಂಟಿ ಅಂದ್ರ ಒಂದು ಗಾಡಿ ಬರೋಬ್ಬರಿ ತುಂಬ್ತು. ಬಿಡಿ ಪೆಟ್ಟಿಗಿ ಸೊನ್ನಿ, ಬಿಡಿ ಪೆಂಟಿ ಸೊನ್ನಿ. ಒಂದು-ಸೊನ್ನಿ-ಸೊನ್ನಿ. ಲೆಕ್ಕ ತಪ್ಪಿದ್ರ ಹೇಳ್ರಿ!”

ತಪ್ಪಿರಲಿಲ್ಲ. ನನ್ನ ಸಿಟ್ಟಿಗೆ ಕಾರಣವೂ ಅದೇ.

ಇನ್ನು ಪಾಪದ ಮಾತು. ಕಳೆದ ವರ್ಷ ನನ್ನ ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳ ಇಟ್ಟುಕೊಂಡಿದ್ದೆವು. ಖಾನಾಪುರದ ಅಡಿಗೆಯವನೊಬ್ಬ ಹೋಳಿಗೆಗೆ ಬಲು ಹೆಸರುವಾಸಿ. ಅವನಿಗೆ ಹೇಳಿ ಒಪ್ಪಿಸುವ ಜವಾಬ್ದಾರಿಯನ್ನು ಷಡ್ಡಕನಿಗೆ ಕೊಟ್ಟೆ. ಎಪ್ಪತ್ತು ಮಂದಿ ಎಂದು ಫೋನಿನಲ್ಲಿ ಸಾರಿ ಸಾರಿ ಹೇಳಿದೆ. ಜಾವಳದ ದಿನ ನೋಡಿದರೆ ಹೋಳಿಗೆಯ ಬುಟ್ಟಿಗಳು ಬರುತ್ತಲೇ ಇವೆ! ಅಡಿಗೆಮನೆಯ ಕಟ್ಟೆ ತುಂಬಿತು, ಮಂಚ ತುಂಬಿತು, ಕೊನೆಗೆ ಹೊಲಿಗೆ ಯಂತ್ರದ ಮೇಲೂ ಹೋಳಿಗೆ! ಕೇಳಿದರೆ ಅಡಿಗೆಯವನು ಮೊಬೈಲು ತೆಗೆದು ಷಡ್ಡಕ ಕಳಿಸಿದ ಚೀಟಿಯ ಫೋಟೋ ತೋರಿಸಿದ. ಅದರಲ್ಲಿ ಇದ್ದದ್ದು 106.

ಒಂದು ಗಾಡಿ, ಪೆಟ್ಟಿಗೆ ಸೊನ್ನೆ, ಬಿಡಿ ಪೆಂಟಿ ಆರು! ಎಪ್ಪತ್ತನ್ನು ಎಂಟರ ಲೆಕ್ಕಕ್ಕೆ ತಿರುವಿ ಬರೆದದ್ದು ಎಂದು ನನಗೆ ತಕ್ಷಣ ಹೊಳೆಯಿತು. ನನ್ನ ಜೀವಮಾನದಲ್ಲಿ ಗಣಿತ ಅಷ್ಟು ಬೇಗ ಹೊಳೆದದ್ದು ಅದೊಂದೇ ಸಲ. ಹೊಳೆಯದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಬೀಗರು ನೆಂಟರು ಪಂಕ್ತಿಯಲ್ಲಿ ಕೂತಿದ್ದರು. ನಾನು ನಡುವೆ ನಿಂತು, ಎರಡೂ ಕೈ ಮೇಲೆತ್ತಿ, ಹತ್ತೂ ಬೆರಳು ಅಗಲಿಸಿ ಕೂಗಿದೆ.

“ನೋಡೋ ಮಾಸ್ತರಾ! ದೇವರು ಮನಷ್ಯಾಗ ಹತ್ತು ಕೊಟ್ಟಾನ. ಹತ್ತು ಇಲ್ಲದವರಿಗೆ ಎಣಸೂ ಉಸಾಬರಿ ಯಾಕ?”

ಪಂಕ್ತಿಯೆಲ್ಲ ನಕ್ಕಿತು. ಎಲ್ಲದಕ್ಕೂ ಬಾಯಿಗೆ ಬಾಯಿ ಕೊಡುವ ಷಡ್ಡಕ ಅವತ್ತು ತಲೆ ತಗ್ಗಿಸಿ, “ತಪ್ಪು ನಂದs ಅಣ್ಣಾರ,” ಎಂದ, ಅಷ್ಟೇ. ಅವನ ಹಿಂದೆ, ಆಗಲೇ ಆರನೇ ಇಯತ್ತೆಗೆ ಬಂದಿದ್ದ ಅವನ ಮೊಮ್ಮಗಳು ನೀರಿನ ಜಗ್ ಹಿಡಿದು ನಿಂತಿದ್ದಳು. ಜಗ್ಗನ್ನು ನೆಲಕ್ಕಿಟ್ಟಳು. ಕೈಗಳು ಓಢಣಿಯ ಒಳಗೆ ಹೋದವು.

ನಾನು ಗೆದ್ದ ಹುರುಪಿನಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಸಂಜೆ ಪಾತ್ರೆ ಒರೆಸುತ್ತ ಹೆಂಡತಿ ಹೇಳಿದಳು.

“ಆ ಚೀಟಿ ಬರದಾಕಿ ಆ ಹುಡುಗಿ. ಎಪ್ಪತ್ತು ಅಂತ ಬರಿ ಅಂದ್ರ, ಅಜ್ಜ ಶಾಭಾಸ್ ಅಂತಾನಂತ ತಿರುವಿ ಬರದಾಳ. ಅಂವಾ ಅವಸರದಾಗ ನೋಡದನ ಕಳಿಸ್ಯಾನ. ನೀವು ಕೈ ಎತ್ತಿದ್ರಿ, ಮಂದಿ ನಿಮ್ಮ ಬೆರಳ ನೋಡಿ ನಕ್ರು. ಆಕಿ ತನ್ನವು ನೋಡಿಕೊಂಡ್ಲು.”

ಆ ಹುಡುಗಿಯ ಕೈಯ ಸಂಗತಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಿಟ್ಟಿನಲ್ಲಿ ಮರೆತಿದ್ದೆ. ಮರೆತದ್ದು ಸಣ್ಣ ತಪ್ಪು ಎಂದು ಯಾರಾದರೂ ಹೇಳಲಿ ಎಂದು ಕಾದೆ. ಯಾರೂ ಹೇಳಲಿಲ್ಲ.

ಫೋನು ಮಾಡಿದಾಗಲೆಲ್ಲ ಷಡ್ಡಕ ಮಳೆ, ಬೆಳೆ, ಮಂಡಿನೋವು ಎಲ್ಲ ಹೇಳುತ್ತಿದ್ದ. ಹುಡುಗಿಯ ಸುದ್ದಿ ನಾನಾಗಿ ಕೇಳಿದರೆ ಮಾತ್ರ, “ಸಾಲ್ಯಾಗೂ ಕೈ ಓಢಣ್ಯಾಗs ಇರತಾವಂತ್ರಿ,” ಎನ್ನುತ್ತಿದ್ದ. ಒಂದು ಎಣಿಕೆಯನ್ನೇ ಕತ್ತರಿಸಿ ಅವನು ಹೊರಗೆ ತಂದ ಕೈಗಳನ್ನು ನಾನು ಒಂದೇ ಮಾತಿನಲ್ಲಿ ಒಳಗೆ ಕಳಿಸಿದ್ದೆ. ಅವನ್ನು ಮತ್ತೆ ಹೊರಗೆ ತರುವುದು ಹೇಗೆ? ನನಗೆ ತೋಚಿದ್ದು ಒಂದೇ. ಎಂಟರ ಲೆಕ್ಕ ಕಲಿಯಲು ಕೂತೆ.

ಅರವತ್ತು ದಾಟಿದ ತಲೆಗೆ ಇದು ಸುಲಭವೇ? ಮೆಟ್ಟಿಲನ್ನು ಆ ಲೆಕ್ಕದಲ್ಲಿ ಎಣಿಸುತ್ತ ಇಳಿದು, ಮುಗಿಯಿತೆಂದುಕೊಂಡು ಕಾಲಿಟ್ಟು ಮುಗ್ಗರಿಸಿದೆ. ಕಾಯಿಪಲ್ಲೆ ಮಾರುವವಳ ಮುಂದೆ ನಿಂತು, “ಒಂದು-ಸೊನ್ನಿ ನಿಂಬಿಹಣ್ಣ ಕೊಡವಾ,” ಎಂದೆ.

“ಅಜ್ಜಾರ, ಒಂದು ಕೊಡ್ಲೋ, ಏನೂ ಬ್ಯಾಡೋ?” ಎಂದಳು ಆಕೆ.

ಸ್ವಲ್ಪ ಧೈರ್ಯ ಬಂದ ಮೇಲೆ ಒಂದು ಭಾನುವಾರ ರೈಲು ಹತ್ತಿ ಗುಂಜಿಗೆ ಹೋದೆ. ಹುಡುಗಿ ಪಡಸಾಲೆಯ ಮೂಲೆಯಲ್ಲಿ ಕೂತಿದ್ದಳು. ‘ಬರ್ರಿ’ ಎಂದಳು. ಕೈ ಕಾಣಲಿಲ್ಲ. ತಪ್ಪಾಯಿತು ಎನ್ನುವ ಮಾತನ್ನು ದಾರಿಯುದ್ದಕ್ಕೂ ಉರುಹಚ್ಚಿಕೊಂಡು ಬಂದಿದ್ದೆ, ಆದರೆ ಅವಳ ಮುಖ ಕಂಡದ್ದೇ ಅದು ಎಲ್ಲಿಗೋ ಓಡಿಹೋಯಿತು. ಷಡ್ಡಕನಿಗೆ ನನ್ನ ಅವಸ್ಥೆ ತಿಳಿಯಿತೋ ಏನೋ, ಸುಣ್ಣದಕಡ್ಡಿಯಿಂದ ನೆಲದ ಮೇಲೆ ಚೌಕಾಬಾರಾದ ಮನೆ ಬರೆದ.

“ಕುಂದರ್ರಿ ಅಣ್ಣಾರ. ಒಂದು ಆಟ ಆಡೂಣು.”

ಈ ಆಟದಲ್ಲಿ ನಾಲ್ಕು ಕವಡೆ. ನಾಲ್ಕೂ ಬೋರಲು ಬಿದ್ದರೆ ಎಂಟು, ಅದಕ್ಕಿಂತ ದೊಡ್ಡದಿಲ್ಲ. ಮುದುಕನ ಅದೃಷ್ಟ ನೋಡಿ, ನಾನು ಎಸೆದದ್ದು ಮೊದಲ ಸಲಕ್ಕೇ ನಾಲ್ಕೂ ಬೋರಲು! ನಾನು ಎಣಿಸಲು ಕೈ ಮುಂದೆ ಚಾಚಿದೆ. ಹೆಬ್ಬೆರಳಿನಿಂದ ಶುರುಮಾಡಿ, ಎಡಗೈ ಮುಗಿಸಿ, ಬಲಗೈಗೆ ಬಂದು ಒಂದೊಂದೇ ಮಡಚಿದೆ. “…ಐದು, ಆರು, ಏಳು, ಒಂದು-ಸೊನ್ನಿ.”

ಮೂಲೆಯಲ್ಲಿ ಓಢಣಿ ಅಲುಗಿದಂತಾಯಿತು. ಆದರೆ ನನ್ನ ಬಲಗೈಯಲ್ಲಿ ಇನ್ನೂ ಎರಡು ಬೆರಳು ನೆಟ್ಟಗೆ ನಿಂತಿದ್ದವು. ಇವನ್ನು ಏನು ಮಾಡಬೇಕು? ನಟನೆಯಲ್ಲ, ಖರೇನೇ ನನಗೆ ಗೊಂದಲವಾಯಿತು.

“ಮಾಸ್ತರಾ, ನನಗ ಎರಡು ಬೆರಳ ಹೆಚ್ಚಾದವಲ್ಲೋ! ಇವನ್ನೇನ ಮಾಡ್ಲಿ?”

ಷಡ್ಡಕ ಜಂತಿ ನೋಡುತ್ತ ಕೂತ. ಉತ್ತರ ಮೂಲೆಯಿಂದ ಬಂತು.

“ಅಜ್ಜಾ, ಮೊದಲs ತಪ್ಪೀರಿ. ಕಿರಿಬೆರಳ ಮಡಚಿ ಇಟ್ಟು ಎಣಸಬೇಕ್ರಿ.”

“ಹೆಂಗವಾ? ನನಗ ಬರವಲ್ದು.”

ಅವಳು ಎದ್ದು ಬಂದು ನನ್ನೆದುರು ಕೂತಳು. ಓಢಣಿಯಿಂದ ಎರಡೂ ಕೈ ತೆಗೆದು ನನ್ನ ಕೈ ಹಿಡಿದಳು. ಆಯುಷ್ಯವೆಲ್ಲ ಬೆಲ್ಲ ಎಣಿಸಿ ಸೊಕ್ಕಿದ ನನ್ನ ಎರಡು ಕಿರುಬೆರಳನ್ನು ಒಂದಾದ ಮೇಲೊಂದು ಮಡಚಿ, ಅಂಗೈಗೆ ಒತ್ತಿದಳು.

“ಇವು ಎಣಸಾಕ ಅಲ್ರಿ. ಹೊರಗ ಹೋಗ್ತೀನ್ರಿ ಅಂತ ಕೇಳಾಕ.”

“ಮತ್ತ ಸಾಲ್ಯಾಗ ನೀ ಹೆಂಗ ಕೇಳ್ತಿ?”

“ನಾ ಬಾಯಿಲೆ ಕೇಳ್ತೀನ್ರಿ!” ಎಂದು ನಕ್ಕು, “ಈಗ ನಂದು,” ಎನ್ನುತ್ತ ಕವಡೆಗಳನ್ನು ಎರಡೂ ಕೈಯಲ್ಲಿ ಬಾಚಿ ಗಲಗಲ ಅಲ್ಲಾಡಿಸಿದಳು. ಷಡ್ಡಕ ಇನ್ನೂ ಜಂತಿಯನ್ನೇ ನೋಡುತ್ತಿದ್ದ. ಕಣ್ಣಿಗೆ ಏನೋ ಬಿತ್ತೆಂದು ಒರೆಸಿಕೊಂಡ.

ಆಟದಲ್ಲಿ ನಾನು ಸೋತೆ. ಸಂಜೆಯ ರೈಲು ಹತ್ತಿ ಬೆಳಗಾವಿಗೆ ಹೊರಟೆ. ಖಾನಾಪುರ ದಾಟಿದ ಮೇಲೆ ಟಿಕೀಟು ನೋಡುವವನು ಬಂದ. ನಾನು ಟಿಕೀಟು ಚಾಚಿದ್ದನ್ನು ಕಂಡು, “ಅಜ್ಜಾರ, ಬೆರಳಿಗೆ ಏನರ ಆಗೇತೇನ್ರಿ?” ಎಂದು ಕೇಳಿದ.

ನೋಡಿಕೊಂಡೆ. ಅವಳು ಮಡಚಿದ್ದು ಹಾಗೇ ಇತ್ತು.

“ಏನೂ ಆಗಿಲ್ಲಪಾ,” ಎಂದೆ. “ಬರೋಬ್ಬರಿ ಅದಾವ.”