ಅಕ್ಕನಿಗೆ ತಂದ ಗೋಲಿ ಸೋಡಾ

ಗಾಳಿಯ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ! ನಿಜಾಮರ ಕಾಲದಲ್ಲಿ ನಾನು ರಾವೂರಿನ ಶಾಲಾ ಮಾಸ್ತರ. ಕಾಯಿಸಿದರೆ ಗಾಳಿ ಹಿಗ್ಗುತ್ತದೆ, ಮುಚ್ಚಿ ಕಾಯಿಸಿದರೆ ಒತ್ತಡ ಏರುತ್ತದೆ ಎಂದು ವರ್ಷಗಟ್ಟಲೆ ಉರ್ದುವಿನಲ್ಲಿ ಪಾಠ ಹೇಳಿದ್ದೆ.

ಆ ಬೇಸಿಗೆಯಲ್ಲಿ ಅಕ್ಕ ಜ್ವರದಿಂದ ಮಲಗಿ ತಿಂಗಳಾಗಿತ್ತು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಗಂಜಿಯೂ ಸೇರುತ್ತಿರಲಿಲ್ಲ.

"ತಮ್ಮಾ, ಬಾಯಿ ಭಾಳ ಕಹಿ ಆಗ್ಯಾದ. ವಾಡಿ ಸ್ಟೇಷನ್‌ದಾಗ ಒಮ್ಮಿ ಕುಡದಿದ್ನಲ್ಲ, ಗೋಲಿ ಸೋಡಾ, ಅದು ಒಂದು ಗುಟುಕು ಬೇಕನಸ್ಲಿಕತ್ತದ" ಎಂದಳು.

ಹೊರಟೆ. ಹೆಂಡತಿ ಗೋಣಿಚೀಲ ಹಿಡಿದು ಹಿಂದೆಯೇ ಬಂದಳು. "ಇದನ್ನ ತೋಯಿಸಿ ಬಾಟ್ಲಿಗಿ ಸುತ್ರಿ. ಬಿಸಲು ಕೆಟ್ಟದದ."

"ಮಾಸ್ತರಗ ಪಾಠ ಹೇಳ್ತಿ ಏನು?" ಎಂದು ಚೀಲ ಬಿಟ್ಟೇ ಹೋದೆ.

ವಾಡಿಯಲ್ಲಿ ನಾಲ್ಕು ಬಾಟಲಿ ಕೊಂಡೆ. ಸ್ಟೇಷನ್ನಿಗೆ ನೆಲಕ್ಕೆ ಹಾಸುವ ಫರಸಿಕಲ್ಲು ಇಳಿಸಿ ಮರಳುತ್ತಿದ್ದ ನಮ್ಮೂರ ಶರಣಪ್ಪನ ಗಾಡಿ ಸಿಕ್ಕಿತು. ಅದರಲ್ಲಿ ಒಡೆದ ಕಲ್ಲೊಂದು ಉಳಿದಿತ್ತು. ಸಪಾಟಾಗಿದೆ, ಬಾಟಲಿ ಅಲುಗುವುದಿಲ್ಲ ಎಂದು ಅದರ ಮೇಲೆಯೇ ನಿಲ್ಲಿಸಿದೆ. ಕಲ್ಲು ಕಾದ ಹಂಚಿನಂತಿತ್ತು. ಉರ್ದುವಿನಲ್ಲಿ ಹೇಳಿದ ಪಾಠ ಕನ್ನಡದ ಎತ್ತಿನ ಗಾಡಿಗೂ ಅನ್ವಯಿಸುತ್ತದೆಂದು ನನಗೆ ಹೊಳೆಯಲೇ ಇಲ್ಲ!

ಢಮ್!

ಎತ್ತುಗಳು ಬೆದರಿ ಓಟ ಕಿತ್ತವು. ಎರಡನೆಯದೂ ಸಿಡಿಯಿತು. ಮೂರನೆಯದು ಕೆಳಗೆ ಬಿದ್ದು ಚೂರಾಯಿತು. "ಮಾಸ್ತರ್ರ, ಬಾಂಬ್ ತಂದೀರೇನ್ರೀ!" ಎಂದು ಶರಣಪ್ಪ ಹಗ್ಗ ಜಗ್ಗುತ್ತ ಕೂಗಿದ.

ಉಳಿದೊಂದನ್ನು ಕೂಸಿನಂತೆ ಎದೆಗವಚಿಕೊಂಡು ಮನೆ ಸೇರಿದೆ. ಅದು ದಾರಿಯುದ್ದಕ್ಕೂ ಕುಲುಕಿತ್ತು, ಕಾದಿತ್ತು. ತುಸು ಆರಲಿ ಎನ್ನುವ ತಾಳ್ಮೆ ಯಾರಿಗೆ? ಅಕ್ಕನ ಮುಂದೆ ಕುಳಿತು ಗೋಲಿ ಒತ್ತಿದೆ. ಸೋಡಾ ಜಂತಿಗೆ ಹಾರಿತು, ನನ್ನ ಮುಖಕ್ಕೆ ರಾಚಿತು, ಅಕ್ಕ ಹೊದ್ದಿದ್ದ ಕೌದಿ ತೋಯಿಸಿತು. ಬಾಟಲಿಯಲ್ಲಿ ಹನಿಯೂ ಉಳಿಯಲಿಲ್ಲ!

ಅಕ್ಕ ನಕ್ಕಳು. ತಿಂಗಳ ಮೇಲೆ ಮೊದಲ ಸಲ. ಕೌದಿ ಒರೆಸಿದ ಬೆರಳನ್ನು ನಾಲಗೆಗೆ ಮುಟ್ಟಿಸಿಕೊಂಡು, "ಅದೇ ರುಚಿ ಅದ ನೋಡು. ಅಳಬ್ಯಾಡೋ ಹುಚ್ಚಾ, ಮತ್ತ ತರೂವಂತಿ" ಎಂದಳು.

ಮೂರನೆಯ ದಿನ ನಸುಕಿನಲ್ಲೇ ವಾಡಿಗೆ ಹೋದೆ. ಹಸಿ ಗೋಣಿ ಸುತ್ತಿ, ದಾರಿಯಲ್ಲಿ ಎರಡು ಸಲ ನೀರು ಚಿಮುಕಿಸಿ, ಅಲುಗದಂತೆ ನಡೆದೇ ತಂದೆ. ನಾಲ್ಕಕ್ಕೆ ನಾಲ್ಕೂ ತಣ್ಣಗಿದ್ದವು. ಒಂದೂ ಒಡೆಯಲಿಲ್ಲ!

ಅಂಗಳದ ತುಂಬ ಜನ. ಹೆಂಡತಿ ಬಾಗಿಲಿಗೆ ಬಂದು, "ಅಕ್ಕಾರು ಈಗಷ್ಟೇ ಹೋದ್ರರೀ... ನೀವು ಬಂದ್ರೇನಂತ ಕೇಳ್ಕೋತ ಇದ್ರು" ಎಂದಳು.

ಬಾಟಲಿ ಎತ್ತಿಕೊಂಡು ಒಳಗೆ ನಡೆದೆ. ಜನ ಗಡಬಡಿಸಿ ಸರಿದು ದಾರಿ ಬಿಟ್ಟರು. ಮಾಸ್ತರನ ಕೈಯಲ್ಲಿ ಸೋಡಾ, ಎಲ್ಲಿ ಸಿಡಿದೀತೋ ಎಂಬ ಹೆದರಿಕೆ ಅವರಿಗೆ! ಸಿಡಿಯುವುದಿಲ್ಲ, ಯಾಕೆಂದರೆ ತಣ್ಣಗಿದೆ ಎಂದು ಪಾಠ ಹೇಳುತ್ತಲೇ ಅಕ್ಕನ ಪಕ್ಕ ಕುಳಿತೆ. ಮೆಲ್ಲಗೆ ಗೋಲಿ ಒತ್ತಿ, ಒಂದು ಹನಿ ಬೆರಳಿಗೆ ಹಾಕಿಕೊಂಡು ಅವಳ ತುಟಿಗೆ ಮುಟ್ಟಿಸಿದೆ.