ಅಡ್ಡಿ ಇದ್ದವರು ಹೇಳಿ

ಸುಮ್ಮನಿರುವುದು ನನ್ನಿಂದಾಗದ ಕೆಲಸ. ಉಪವಾಸ ಮಾಡಬಲ್ಲೆ, ಬೆಟಗೇರಿಯ ಬೇಸಿಗೆಯಲ್ಲಿ ಫ್ಯಾನಿಲ್ಲದೆ ಹೊಲಿಗೆ ಮಶೀನಿನ ಮುಂದೆ ದಿನವಿಡೀ ಕೂರಬಲ್ಲೆ, ಆದರೆ ಎದುರಿಗಿದ್ದವರು ತಪ್ಪು ಮಾತಾಡುವಾಗ ಬಾಯಿ ಮುಚ್ಚಿಕೊಂಡಿರು ಎಂದರೆ ಮೈಯೆಲ್ಲ ಉರಿಯುತ್ತದೆ. ಬ್ಲೌಸು ಬಿಗಿಯಾಯಿತೆಂದು ಜಗಳಕ್ಕೆ ಬಂದವರಿಗೆ, ಅದು ಬಿಗಿಯಾಗಿಲ್ಲ, ನೀವೇ ದಪ್ಪಗಾಗಿದ್ದೀರಿ ಎಂದು ಮುಖದ ಮೇಲೆ ಹೇಳಿ ಗಿರಾಕಿ ಕಳೆದುಕೊಂಡವಳು ನಾನು. ಒಮ್ಮೆ ಅಡರಕಟ್ಟಿಗೆ ಹೊರಟವಳು, ಬಸ್ಸಿನ ಕಿಟಕಿ ಮುಚ್ಚಬೇಕೋ ತೆರೆಯಬೇಕೋ ಎಂಬ ವಾದದಲ್ಲಿ ಇಳಿಯುವುದನ್ನೇ ಮರೆತು ಮುಂದೆ ಹೋದದ್ದೂ ಉಂಟು. ಇಳಿಯುವ ಹೊತ್ತಿಗೆ ಕಿಟಕಿ ತೆರೆದೇ ಇತ್ತು, ಅದು ಮುಖ್ಯ. ನನ್ನ ಗಂಡ ಮದುವೆಯಾದ ವರ್ಷವೇ ಸೋಲೊಪ್ಪಿಕೊಂಡು ಈಗ ಸುಖವಾಗಿದ್ದಾರೆ.

ನಾವು ಕ್ರೈಸ್ತರು. ನಮ್ಮ ಚರ್ಚಿನ ಸಭಾಪಾಲಕರನ್ನು ಅಯ್ಯನವರು ಎನ್ನುತ್ತೇವೆ. ಅಯ್ಯನವರಿಗೆ ಬಹಳ ಇಷ್ಟವಾದ ಪ್ರಸಂಗ ಮೌನದ್ದು. ಸುಳ್ಳು ಆರೋಪ ಹೊರಿಸಿ ಅಧಿಪತಿಯ ಮುಂದೆ ನಿಲ್ಲಿಸಿದಾಗ ಯೇಸುಸ್ವಾಮಿ ತನ್ನ ಪರವಾಗಿ ವಾದಿಸಲಿಲ್ಲ, ನಾವಾದರೋ ನಲ್ಲಿ ನೀರಿಗಾಗಿ ಓಣಿಗೆಲ್ಲ ಕೇಳುವಂತೆ ಕೂಗಾಡುತ್ತೇವೆ ಎಂದು ಹೇಳುವಾಗ ಅವರ ಕಣ್ಣು ಹೆಂಗಸರ ಸಾಲಿನಲ್ಲಿ ನನ್ನನ್ನೇ ಹುಡುಕುತ್ತದೆ. ಒಂದು ರವಿವಾರ ಆರಾಧನೆ ಮುಗಿದ ಮೇಲೆ ಅವರನ್ನು ಬಾಗಿಲಲ್ಲೇ ಹಿಡಿದೆ. ತನ್ನ ಮೇಲೆ ಬಂದದ್ದಕ್ಕೆ ಸ್ವಾಮಿ ಸುಮ್ಮನಿದ್ದ, ಖರೆ. ಆದರೆ ಒಬ್ಬ ಹೆಣ್ಣುಮಗಳನ್ನು ಕಲ್ಲು ಹೊಡೆಯಲು ಎಳೆದು ತಂದಾಗ ಸುಮ್ಮನಿದ್ದನೇ ಎಂದು ಕೇಳಿದೆ. ಅಯ್ಯನವರು ನಕ್ಕರು. "ಅಲ್ಲೂ ಮೊದಲ ನೆಲದ ಮ್ಯಾಲ ಬರಕೋತ ಸುಮ್ನ ಇದ್ದ. ಆಮ್ಯಾಲ ಒಂದ ಮಾತು ಹೇಳಿದ. ನೀವು ಒಂದಕ್ಕ ನಿಲ್ಲಸ್ತೀರೇನು?" ಎಂದರು. ಅದಕ್ಕೆ ನಾನು ಕೊಟ್ಟ ಉತ್ತರ ಸ್ವಲ್ಪ ಉದ್ದವಾಯಿತು.

ಇಂಥ ನಾನು ಸುಮ್ಮನಿರುತ್ತೇನೆಂದು ಮಾತು ಕೊಡಬೇಕಾಗಿ ಬಂತು. ಅಣ್ಣನ ಮಗಳು ಸುವಾರ್ತಾ ಶಿರಹಟ್ಟಿಯ ಒಂದು ಶಾಲೆಯಲ್ಲಿ ಟೀಚರ್. ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಬಸ್ಸಿಗೆ ಓಡುವ ಹುಡುಗಿ. ಸಂಜೆ ಬಂದು ತನ್ನ ಶಾಲೆಯ ಮಕ್ಕಳ ಕಿತಾಪತಿ ಹೇಳದಿದ್ದರೆ ಅವಳಿಗೆ ಊಟ ಇಳಿಯುವುದಿಲ್ಲ. ಅವಳಿಗೆ ಹಿಂದೆ ಬಂದ ಒಂದು ಸಂಬಂಧ ನನ್ನ ಬಾಯಿಂದ ಮುರಿದಿತ್ತು. ಹುಡುಗನಿಗೆ ಅನ್ನ ಮಾಡಲು ಬರುತ್ತದೆಯೇ ಎಂದಷ್ಟೇ ಕೇಳಿದ್ದೆ, ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಹೀಗಾಗಿ ಲಕ್ಷ್ಮೇಶ್ವರದವರು ಹೆಣ್ಣು ನೋಡಲು ಬರುವ ದಿನ ಅಣ್ಣ ಕೈಮುಗಿದು, ಇವತ್ತೊಂದು ದಿನ ತುಟಿ ಬಿಚ್ಚಬೇಡ ತಂಗಿ ಎಂದು ಬೇಡಿಕೊಂಡ. ಆತು ಎಂದೆ. ಹುಡುಗ ತಲೆ ತಗ್ಗಿಸಿ ಗಿರ್ಮಿಟ್ ತಿನ್ನುತ್ತಿದ್ದ. ಮಾತೆಲ್ಲ ಅವನ ದೊಡ್ಡಪ್ಪನದು. ತಮ್ಮ ಮನೆಯ ಸೊಸೆಯಂದಿರು ನೌಕರಿಗೆ ಹೋಗುವ ಪದ್ಧತಿ ಇಲ್ಲ, ಮದುವೆಗೆ ಮೊದಲೇ ರಾಜೀನಾಮೆ ಕೊಡಿಸಿಬಿಡಿ ಎಂದು ಆತ, ಒಂದು ಲೋಟ ನೀರು ಕೇಳಿದಷ್ಟು ಹಗುರವಾಗಿ ಹೇಳಿದ. ಅಣ್ಣ ಹೂಂ ಎಂದ. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಮಿರ್ಚಿ ಭಜಿಯ ಜೊತೆ ನುಂಗಿದೆ.

ಅವರು ಹೋದ ಮೇಲೆ ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಸುವಾರ್ತಾ ಮಾತ್ರ ಕಪ್ಪು ತೊಳೆಯುತ್ತ, ನನ್ನ ಕಡೆ ನೋಡದೆ, "ಅತ್ತಿ, ನೀ ಮಾತಾಡ್ತಿ ಅಂತ ಬಾಗಲಾ ಮರಿಗೆ ನಿಂತು ಕಾಯಾಕತ್ತಿದ್ನಿ" ಎಂದಳು. ಊರೆಲ್ಲ ಸೇರಿ ಬೈದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ. ನೀನೇ ಅಪ್ಪನಿಗೆ ಹೇಳಬಾರದೇ ಎಂದೆ. ಆ ರಾತ್ರಿ ಶಾಲೆ ಬಿಡುವುದಿಲ್ಲವೆಂದು ಹೇಳಿದಳಂತೆ, ಅಪ್ಪ ಅತ್ತುಬಿಟ್ಟನಂತೆ. ನಾನೂ ಅಣ್ಣನ ಹತ್ತಿರ ಹೋಗಿ ಜಗಳಾಡಿದೆ. ಕೊಟ್ಟ ಮಾತು ಹಿಂದೆ ತಗೊಳ್ಳುವುದು ಹೇಗೆ ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ರವಿವಾರ ಚರ್ಚಿನಲ್ಲಿ ವಧೂವರರ ಹೆಸರು ಓದಿ, ಯಾರದಾದರೂ ಅಡ್ಡಿ ಇದ್ದರೆ ಹೇಳಿ ಎಂದು ಕೇಳುವ ಪದ್ಧತಿ. ಕೇಳುವುದು ಕೇಳುತ್ತಾರೆ, ಹೇಳಿದವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಅಯ್ಯನವರು ಉತ್ತರಕ್ಕೆ ಕಾಯುವುದು ಕನ್ನಡಕ ಸರಿಮಾಡಿಕೊಳ್ಳುವಷ್ಟು ಹೊತ್ತು ಮಾತ್ರ. ಮೊದಲ ಎರಡು ವಾರ ಅಷ್ಟು ಹೊತ್ತೂ ಇಡೀ ಸಭೆ ನನ್ನ ಕಡೆ ತಿರುಗಿ ನೋಡಿತು. ನಾನು ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ. ಮೂರನೆಯ ವಾರ ಹುಡುಗನೂ ಅವನ ದೊಡ್ಡಪ್ಪನೂ ಲಕ್ಷ್ಮೇಶ್ವರದಿಂದ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಅಯ್ಯನವರು ಕೇಳಿದರು. ನಾನು ಎದ್ದು ನಿಂತೆ. ಅಣ್ಣ ತಲೆ ಹಿಡಿದುಕೊಂಡ, ಪಕ್ಕದವಳು ಸೆರಗು ಜಗ್ಗಿದಳು. ಅಲ್ಲಿ ಕೇಳುವ ಅಡ್ಡಿಯೇ ಬೇರೆ, ಮೊದಲೇ ಒಂದು ಮದುವೆಯಾಗಿದೆ ಎಂಬಂಥದು, ನೌಕರಿಯ ತಕರಾರು ಅದರಲ್ಲಿ ಬರುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೇ ಎದ್ದೆ. ನಗುವವರು ನಗಲಿ.

ನಾನು ಬಾಯಿ ತೆರೆಯುವ ಮೊದಲೇ ಹಾಡುವವರ ಸಾಲಿನಿಂದ ಸುವಾರ್ತಾ ಎದ್ದಳು. "ಅತ್ತಿ, ನೀ ಕುಂಡ್ರು. ಅಡ್ಡಿ ನಂದೈತಿ" ಎಂದಳು. ಆಮೇಲೆ ಅಯ್ಯನವರ ಕಡೆ ತಿರುಗಿ, "ಹುಡುಗನ ಬಗ್ಗೆ ನಂದೇನೂ ತಕರಾರಿಲ್ರಿ. ಶಾಲಿ ಬಿಡಬೇಕಂದ್ರ ಮಾತ್ರ ಈ ಮದುವಿ ನನಗ ಬ್ಯಾಡ್ರಿ" ಎಂದಳು.

ದೊಡ್ಡಪ್ಪ ಗುಡುಗುತ್ತ ಎದ್ದ. ಅವನ ಪಕ್ಕದಲ್ಲಿ ಹುಡುಗನೂ ಎದ್ದ. ಆ ಹುಡುಗನ ದನಿ ನಾವು ಕೇಳಿದ್ದು ಅದೇ ಮೊದಲು. ಶಾಲೆ ಬಿಡಲಿ ಎಂದು ತಾನು ಹೇಳಿಲ್ಲ, ತನ್ನನ್ನು ಯಾರೂ ಕೇಳಲೇ ಇಲ್ಲ, ಲಕ್ಷ್ಮೇಶ್ವರದಿಂದ ಶಿರಹಟ್ಟಿ ಇನ್ನೂ ಹತ್ತಿರವೇ ಆಯಿತಲ್ಲ ಎಂದ. ದೊಡ್ಡಪ್ಪ ಅವನನ್ನೂ ಅವಳನ್ನೂ ಒಮ್ಮೆ ನೋಡಿ, ಗುಡುಗು ಅರ್ಧಕ್ಕೇ ನಿಲ್ಲಿಸಿ ಕೂತ. ಬೇರೆ ಯಾರದಾದರೂ ಅಡ್ಡಿ ಇದೆಯೇ ಎಂದು ಅಯ್ಯನವರು ಮತ್ತೆ ಕೇಳಿ, ಇನ್ನೂ ನಿಂತೇ ಇದ್ದ ನನ್ನನ್ನು ನೋಡಿದರು. ನಾನು ಕೂತೆ.

ಆರಾಧನೆ ಮುಗಿದ ಮೇಲೆ ಅಯ್ಯನವರು ನನ್ನ ಕೈಕುಲುಕಿ, ಯಾವಾಗ ಸುಮ್ಮನಿರಬೇಕೆಂದು ಕಡೆಗೂ ಕಲಿತಿರಲ್ಲ, ದೇವರಿಗೆ ಸ್ತೋತ್ರ ಎಂದರು. ನನಗೆ ಸಿಟ್ಟು ಬಂತು. ಮಾಡದ ಪುಣ್ಯವನ್ನು ತಲೆಗೆ ಕಟ್ಟಿಸಿಕೊಳ್ಳುವವಳು ನಾನಲ್ಲ. "ಸುಮ್ನ ಇರಲಿಲ್ರಿ ನಾ. ನನ್ನ ಪಾಳಿ ಬರಲಿಲ್ಲ, ಅಷ್ಟ" ಎಂದೆ. ಬಾಗಿಲಿನಿಂದ ಗೇಟಿನವರೆಗೂ ಅದನ್ನೇ ವಾದಿಸುತ್ತ ಬಂದೆ. ಆ ಹುಡುಗಿ ಎದ್ದು ಮಾತಾಡುವಾಗ ನನಗೆ ಕಣ್ಣು ತುಂಬಿ, ಪಾಳಿ ಬಂದಿದ್ದರೂ ಒಂದಕ್ಷರ ಹೊರಡುತ್ತಿರಲಿಲ್ಲ ಎಂಬುದನ್ನು ಮಾತ್ರ ಅವರಿಗೆ ಹೇಳಲಿಲ್ಲ.